ಬೇಸಿಗೆಯಲ್ಲಿ ಜೇನುಹುಳ ನೀರಿಗೆ ಯಾಕೆ ಬರುತ್ತದೆ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಒಣಗಿರದ ಕಾಲ ಅದು. ಸೂರ್ಯನಿಗೂ ಕೆಲಸ ಹೊಸದು. ಎಷ್ಟು ಉರಿಯಬೇಕು ಅನ್ನುವ ಅಂದಾಜು ಎಲ್ಲಿಂದ ಬರಬೇಕು, ಪಾಪ! ಒಂದು ಬೇಸಿಗೆ ಉರಿದ ನೋಡಿ, ಬಂಡೆಗಲ್ಲು ಕೂಡ "ಅಯ್ಯೋ, ನನ್ನ ಬೆನ್ನು ಸುಟ್ಟಿತು!" ಅಂತ ಕೂಗಿಕೊಂಡಿತು.

ನೇರಳೆ ಮರದ ಪೊಟರೆಯಲ್ಲಿ ಜೇನುಗಳ ಊರಿತ್ತು. ಅಲ್ಲಿ ಎಲ್ಲರಿಗೂ ಒಂದೇ ಧ್ಯಾನ: ಜೇನು, ಜೇನು, ಜೇನು. ಹೂವಿನ ರಸ ತರದವರಿಗೆ ಒಳಗೆ ಜಾಗವಿಲ್ಲ. ಬಾಗಿಲು ಕಾಯುತ್ತಿದ್ದವಳು ಝೇಂಕವ್ವ ಅನ್ನುವ ಗಟ್ಟಿಗಿತ್ತಿ ಅಜ್ಜಿ.

ಅದೇ ಊರಿನ ಮಿಣುಕಿಗೆ ಕೂಸುಗಳನ್ನು ನೋಡಿಕೊಳ್ಳುವ ಕೆಲಸ. ಮೇಣದ ತೊಟ್ಟಿಲುಗಳಲ್ಲಿ ಇನ್ನೂ ರೆಕ್ಕೆ ಮೂಡದ ಅವಳ ತಂಗಿಯರು. ಆ ಮಧ್ಯಾಹ್ನ ತೊಟ್ಟಿಲು ಮುಟ್ಟಿದರೆ ಮೆತ್ತಗೆ! ಮೇಣ ಕರಗುತ್ತಿತ್ತು, ಕೂಸುಗಳು ಬಾಡಿ ಮಲಗಿದ್ದವು.

ಹಾರಿದಳು ಮಿಣುಕಿ ಗಾಳಿಯ ಹತ್ತಿರ. ಅವನೋ, ಆಲದ ಬುಡದಲ್ಲಿ ಕಾಲು ಚಾಚಿ ಬಿದ್ದುಕೊಂಡಿದ್ದ.

"ಗಾಳಿಯಣ್ಣ, ಒಂಚೂರು ಬೀಸೋ. ಕೂಸುಗಳು ಬೇಯುತ್ತಿವೆ."

"ನನಗೇ ಸಾಕಾಗಿದೆ, ಹೋಗೇ! ನಿನಗೂ ರೆಕ್ಕೆ ಇಲ್ಲವೇನೇ? ನೀನೇ ಬೀಸಿಕೋ," ಅಂತ ಗಾಳಿ ಮಗ್ಗುಲು ಬದಲಿಸಿದ.

ಸೋಮಾರಿ! ಆದರೂ ಆ ಮಾತು ಮಿಣುಕಿಯ ತಲೆಯಲ್ಲಿ ನಿಂತಿತು. ಬೀಸಬಹುದು, ಆದರೆ ಬಿಸಿ ಗೂಡಿನಲ್ಲಿ ಬೀಸಿದರೆ ಬರುವುದು ಬಿಸಿಗಾಳಿಯೇ ತಾನೇ? ನೀರು ಬೇಕು. ಅವಳು ಬತ್ತಿದ ಹಳ್ಳಕ್ಕೆ ಹಾರಿದಳು. ಅಲ್ಲಿ ಒಂದು ಕಲ್ಲಿನಡಿ ಪುಟ್ಟ ಒರತೆ ಜಿನುಗುತ್ತಿತ್ತು.

"ಒರತೆಯಕ್ಕ, ನೀರು ಕೊಡ್ತೀಯಾ?"

"ಎಷ್ಟು ಬೇಕಮ್ಮ?"

"ನನ್ನ ಹೊಟ್ಟೆ ತುಂಬ."

ಒರತೆಗೆ ನಗು ಬಂತು. "ಅಷ್ಟೇನಾ? ತಗೋ. ಪಾಚಿ ಮೇಲೆ ಕೂತು ಕುಡಿ, ಮುಳುಗಿಬಿಟ್ಟೀಯ."

ಮಿಣುಕಿ ವಾಪಸು ಬಂದಾಗ ಝೇಂಕವ್ವ ಮೂಸಿ ನೋಡಿದಳು. "ಏನೇ ಇದು, ಬರೀ ನೀರು? ನಾಚಿಕೆ ಆಗಲ್ವಾ? ನಡಿ ಆಚೆ!"

"ಅಜ್ಜಿ, ಜೇನು ಆಮೇಲೆ ತರೋಣ. ಮೊದಲು ಅದನ್ನು ತಿನ್ನೋ ಕೂಸುಗಳು ಉಳೀಲಿ!"

ಅಜ್ಜಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಕರಗಿದ ಮೇಣ ಅವಳ ನೆತ್ತಿಯ ಮೇಲೆ ತೊಟಕ್!

"ಅಯ್ಯಯ್ಯೋ! ಒಳಗೆ ಹೋಗೇ, ಬೇಗ ಹೋಗೇ!"

ಮಿಣುಕಿ ಹೊಟ್ಟೆಯಲ್ಲಿ ತುಂಬಿ ತಂದ ನೀರನ್ನು ಬಾಯಿಂದ ಹೊರತೆಗೆದು ತೊಟ್ಟಿಲ ಅಂಚಿಗೆ ಸವರಿದಳು. ಕಾಲೂರಿ ನಿಂತು ರೆಕ್ಕೆ ಬೀಸಿದಳು. ಒಂಚೂರು ತಂಪಾಯಿತು, ಆದರೆ ಒಂದೇ ತೊಟ್ಟಿಲಿಗೆ. ಊರಿನ ಅಷ್ಟೂ ಕೂಸುಗಳಿಗೆ ಒಬ್ಬಳ ಕೈಲಿ ಎಲ್ಲಿ ಸಾಧ್ಯ? ಅವಳಿಗೆ ಅಳುವೇ ಬಂತು.

ಆಗ ಬಾಗಿಲಿನಿಂದ ಝೇಂಕವ್ವನ ದನಿ ಕೇಳಿಸಿತು. "ರಸ ಬಿಡ್ರೇ, ನೀರು ತನ್ರೇ!" ಹಾಗಂದವಳು ತಾನೇ ಮುಂದೆ ನಿಂತು ರೆಕ್ಕೆ ಬೀಸತೊಡಗಿದಳು.

ಅರ್ಧ ಊರು ಒರತೆಗೆ ಹಾರಿತು. ಅರ್ಧ ಊರು ಸಾಲಾಗಿ ನಿಂತು ಬೀಸಿತು. ಸುಸ್ತಾದವಳು ಪಕ್ಕಕ್ಕೆ ಸರಿದರೆ ಇನ್ನೊಬ್ಬಳು ಆ ಜಾಗಕ್ಕೆ ಬಂದಳು. ನೀರು ತಂದರು, ಬೀಸಿದರು. ಮತ್ತೆ ತಂದರು, ಮತ್ತೆ ಬೀಸಿದರು. ಗೂಡೆಲ್ಲ ಗುಂಯ್ ಗುಂಯ್! ಸೂರ್ಯ ಉರಿದೂ ಉರಿದೂ ಸೋತು ಗುಡ್ಡದಾಚೆ ಇಳಿದ.

ಮೇಣ ಗಟ್ಟಿಯಾಯಿತು. ಮಿಣುಕಿ ತೊಟ್ಟಿಲಿಗೆ ಇಣುಕಿದಳು. ಎಲ್ಲರಿಗಿಂತ ಚಿಕ್ಕ ತಂಗಿ ಮೆಲ್ಲಗೆ ಹೊರಳಿ, ಹಸಿವಾಗಿ ಬಾಯಿ ತೆರೆದಳು.

"ಗೆದ್ದೆವು ಅಜ್ಜಿ! ಎಲ್ಲರೂ ಬದುಕಿದ್ದಾರೆ!"

ಗಾಳಿ ಕಣ್ಣುಜ್ಜಿಕೊಂಡು ಬಂದ. "ಯಾರೇ ಅದು, ನನ್ನ ಕೆಲಸ ಮಾಡಿದ್ದು?"

"ನಾವೇ!" ಅಂತು ಇಡೀ ಊರು.

ಅದಕ್ಕೇ ಮಕ್ಕಳೇ, ಬಿರುಬೇಸಿಗೆಯಲ್ಲಿ ನಿಮ್ಮನೆ ನಲ್ಲಿಯ ಕೆಳಗಿನ ಒದ್ದೆ ಕಲ್ಲಿನ ಮೇಲೆ ಜೇನುಹುಳ ಕೂತಿದ್ದರೆ ಓಡಿಸಬೇಡಿ. ತೊಟ್ಟಿಲಲ್ಲಿರುವ ತಂಗಿಗೆ ಅದು ಇವತ್ತಿಗೂ ನೀರು ಒಯ್ಯುತ್ತಿದೆ.