ಕುಂಬಳದ ಎಲೆ ಮಧ್ಯಾಹ್ನ ಜೋಲುವುದೇಕೆ

ಸೂರ್ಯನಿಗೆ ಆಗಿನ್ನೂ ದಾರಿ ಸರಿಯಾಗಿ ರೂಢಿಯಾಗಿರಲಿಲ್ಲ. ಹೊಳೆಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಅಂಥ ಹೊಸ ಕಾಲದಲ್ಲಿ ಲೋಕದ ಮೊದಲ ಕುಂಬಳದ ಬಳ್ಳಿ ಹುಟ್ಟಿತು. ಆ ಸಂಸಾರಕ್ಕೆ ಹಿರಿಯಳು ಬೇರಮ್ಮ. ಲೋಕವೆಲ್ಲ ಹೊಸದಾಗಿದ್ದರೂ ಬೇರಮ್ಮ ಮಾತ್ರ ಆಗಲೇ ದಣಿದುಹೋಗಿದ್ದಳು.

ಅವಳ ಕೆಲಸ ನೀರು ತರುವುದು. ಮಣ್ಣಿನ ಕತ್ತಲಲ್ಲಿ, ಕಲ್ಲಿನ ಸಂದಿಗೆ ಕೈ ತೂರಿಸಿ, ಹನಿ ಹನಿ ಕೂಡಿಸಿ, ಕೊಡ ತುಂಬಿಸಿ ಮೇಲಕ್ಕೆ ಕಳಿಸಬೇಕು. ಕೊಡ ಹೊರುವವನು ಮಗ ಬಳ್ಳಿಯಪ್ಪ. ಹೊರುವುದಕ್ಕೆ ಸರಿ, ಬಾಯಿ ಬಿಡುವ ಆಸಾಮಿಯಲ್ಲ. ತಾಯಿಗೂ ಹೂಂ, ಹೆಂಡತಿಗೂ ಹೂಂ.

ಹೆಂಡತಿ ಹಸುರಿ ಮೇಲೆ ಎಲೆಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಬಿಸಿಲೇ ಅವಳ ಒಲೆ. ನೀರು ಅತ್ತೆಯದು. ಹಿಟ್ಟನ್ನು ಗಾಳಿಯಣ್ಣ ತಂದುಕೊಡಬೇಕು. ಅವನು ಒಳಗೆ ಬರಲೆಂದು ಎಲೆಯ ಅಡಿಯಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ಬಾಗಿಲುಗಳು. ಒಂದಕ್ಕೂ ಕದವಿರಲಿಲ್ಲ.

ಗಾಳಿಯಣ್ಣನೇನು ಸುಮ್ಮನೆ ಹಿಟ್ಟು ಕೊಡುವವನೇ? ಹಿಡಿ ಹಿಟ್ಟು ಕೊಟ್ಟು ಕೊಡಗಟ್ಟಲೆ ನೀರು ಕುಡಿದು ಹೋಗುತ್ತಿದ್ದ. ನೂರು ಕೊಡ ಮೇಲೆ ಹೋದರೆ ಅಡುಗೆಗೆ ಸಿಗುತ್ತಿದ್ದುದು ಒಂದೋ ಎರಡೋ. ಬೇರಮ್ಮ ತರುತ್ತಿದ್ದಳು, ಅವನು ಕುಡಿಯುತ್ತಿದ್ದ. ಮತ್ತೆ ತರುತ್ತಿದ್ದಳು, ಮತ್ತೆ ಕುಡಿಯುತ್ತಿದ್ದ.

ಬೇಸಿಗೆ ಬಂತು. ಬೇರಮ್ಮನ ಮೈಯೆಲ್ಲ ಸುಕ್ಕಾಯಿತು.

"ನಾನ್ ತಂದ ನೀರೆಲ್ಲ ಏನಾಯ್ತವ್ವ ಹಸುರಿ?" ಎಂದು ಕೆಳಗಿನಿಂದ ಕೇಳಿದಳು.

"ಗಾಳಿಯಣ್ಣ ಕುಡ್ಕೊಂಡು ಹೋದ, ಅತ್ತೆ."

"ಕುಡಿಯೋಕೆ ಯಾಕ್ ಬಿಟ್ಟೆ?"

"ಬಿಡದೆ ಇದ್ರೆ ಹಿಟ್ಟು ಯಾರ್ ತರ್ತಾರೆ? ಇನ್ನೆರಡು ಕೊಡ ಕಳ್ಸಿ. ಪಾಪು ಬೆಳೀಬೇಕಲ್ಲ."

ಪಾಪು ಎಂದರೆ ಬಳ್ಳಿಯಲ್ಲಿ ಆಗತಾನೇ ಕಚ್ಚಿದ್ದ, ನೆಲ್ಲಿಕಾಯಿ ಗಾತ್ರದ ಕುಂಬಳದ ಹೀಚು. ಬೇರಮ್ಮನ ಮೊಮ್ಮಗು. ಇಡೀ ಲೋಕಕ್ಕೆ ಅದೊಂದೇ ಕುಂಬಳ.

ಇನ್ನೆರಡು ಕೊಡ ಎಂದ ಕೂಡಲೆ ಬೇರಮ್ಮನಿಗೆ ಅಳು ಬಂತು. ಸೊಸೆ ಕೆಟ್ಟವಳಲ್ಲ. ಮೇಲೆ ಬಿಸಿಲಲ್ಲಿ ಕೂತವಳಿಗೆ ಕೆಳಗಿನ ಕಷ್ಟ ಕಾಣುತ್ತಿರಲಿಲ್ಲ, ಅಷ್ಟೇ.

"ಸಾಕಾಗಿ ಹೋಯ್ತು ನನಗೆ. ಎಲ್ಲಾ ಬಾಗ್ಲೂ ಮುಚ್ಚು," ಎಂದು ಗದರಿದಳು.

ಹಸುರಿಯ ಮುಖ ಊದಿಕೊಂಡಿತು. ಪ್ರತಿ ಬಾಗಿಲಿಗೂ ಮೇಣ ಮೆತ್ತಿಬಿಟ್ಟಳು.

ಬೇರಮ್ಮ ಹುಟ್ಟಿದ ಮೇಲೆ ಮೊದಲ ಸಲ ಕೈಕಾಲು ಚಾಚಿ ಮಲಗಿದಳು. ಒಂದು ದಿನ ಮಲಗಿದಳು, ಎರಡು ದಿನ ಮಲಗಿದಳು. ಮೂರನೆಯ ದಿನ ಹೊಟ್ಟೆ ಚುರುಗುಟ್ಟಿತು. ಮೇಲಿನಿಂದ ಊಟವೇ ಬಂದಿರಲಿಲ್ಲ. ಹಿಟ್ಟಿಲ್ಲದೆ ಹಸುರಿ ಬೇಯಿಸುವುದಾದರೂ ಏನನ್ನು?

ಅವತ್ತು ಬಳ್ಳಿಯಪ್ಪ ಬಾಯಿ ಬಿಟ್ಟ. "ಅವ್ವ, ಪಾಪು ಹಳದಿ ತಿರುಗ್ತಿದೆ. ಇವತ್ತೋ ನಾಳೆನೋ ಉದುರಿಹೋಗುತ್ತೆ."

ಬೇರಮ್ಮ ಲೆಕ್ಕ ಹಾಕಿದಳು. ಬಾಗಿಲು ತೆರೆದಿಟ್ಟರೆ ತನ್ನ ಜೀವ ಹೋಗುತ್ತದೆ, ಮುಚ್ಚಿಟ್ಟರೆ ಮೊಮ್ಮಗುವಿನದು. ಎದ್ದು ಕೂರಲೂ ತ್ರಾಣವಿರಲಿಲ್ಲ, ಮಲಗಿದ್ದಲ್ಲೇ ಯೋಚಿಸಿದಳು. ತನಗೆ ಸುಸ್ತೆಂದು ಎಷ್ಟು ಸಲ ಕೂಗಿ ಹೇಳಿದ್ದಾಯಿತು. ಸುಸ್ತು ಹೇಳಿದರೆ ತಿಳಿಯುವಂಥದ್ದಲ್ಲ. ಬಾಗಿಲಿಗೇ ಬಾಯಾರಬೇಕು.

"ಮೇಣ ಕೆರೆದು ಹಾಕವ್ವ ಹಸುರಿ," ಎಂದಳು ಮೆಲ್ಲಗೆ. "ಒಂದೊಂದು ಬಾಗ್ಲಿಗೂ ನಿನ್ ಎಲೆಮನೇಲಿರೋ ಇಬ್ರು ಅವಳಿ ಹುಡ್ಗೀರನ್ನ ಕೂರ್ಸು. ನಾನ್ ಕಳ್ಸೋ ನೀರನ್ನೇ ಅವ್ರೂ ಕುಡೀಲಿ. ಹೊಟ್ಟೆ ತುಂಬಿದ್ರೆ ಬಾಗ್ಲು ತೆಗೀಲಿ, ಬಾಯಾರಿದ್ರೆ ಮುಚ್ಲಿ. ನೀನೂ ಹೇಳ್ಬೇಡ, ನಾನೂ ಹೇಳಲ್ಲ."

ಹಸುರಿ ಹಾಗೇ ಮಾಡಿದಳು. ಬೆಳಗಿನ ತಂಪಿನಲ್ಲಿ ಬೇರಮ್ಮ ಹೇಗೋ ನಾಲ್ಕು ಕೊಡ ಕಳಿಸಿದಳು. ಹುಡುಗಿಯರು ಕುಡಿದು ಕುಡಿದು ಉಬ್ಬಿ, ಬಿಲ್ಲಿನ ಹಾಗೆ ಆ ಕಡೆಗೊಬ್ಬಳು ಈ ಕಡೆಗೊಬ್ಬಳು ಬಾಗಿದರು. ನಡುವೆ ಸಂದು ಬಿಟ್ಟಿತು. ಗಾಳಿಯಣ್ಣ ಹಿಟ್ಟು ತಂದ, ಒಲೆ ಹತ್ತಿತು, ಪಾಪುವಿಗೆ ಊಟವಾಯಿತು. ಗಾಳಿಯಣ್ಣ ನೀರನ್ನೂ ಕುಡಿದ, ಅವನ ಬುದ್ಧಿ ಎಲ್ಲಿ ಹೋಗುತ್ತದೆ?

ಮಧ್ಯಾಹ್ನ ಬಿಸಿಲು ಏರಿತು. ಬೇರಮ್ಮನ ಕೈ ಸೋತಿತು. ಹುಡುಗಿಯರ ಹೊಟ್ಟೆ ಒಳಕ್ಕೆ ಹೋಯಿತು, ಸೋತು ಒಬ್ಬಳ ಮೇಲೊಬ್ಬಳು ಒರಗಿದರು. ಬಾಗಿಲು ತಾನಾಗಿ ಮುಚ್ಚಿತು.

"ಹಿಟ್ಟು ತಂದಿದ್ದೀನಿ, ಬಾಗ್ಲು ತೆಗೀರಮ್ಮ," ಎಂದ ಗಾಳಿಯಣ್ಣ.

"ಸಂಜೆ ಬಾ," ಎಂದರು ಹುಡುಗಿಯರು.

ಎಲೆಯ ಮನೆ ಜೋಲುಬಿತ್ತು. ಹಸುರಿಗೂ ಗಂಟಲೊಣಗಿತು. ಇಷ್ಟು ದಿನ ಅತ್ತೆ ಕೂಗಿದ್ದು ಏನೆಂದು ಅವಳಿಗೆ ಆಗ ತಿಳಿಯಿತು.

"ಅತ್ತೆ," ಎಂದಳು, "ಒಂಚೂರು ಮಲಕ್ಕೊಳ್ಳಿ. ಮಿಕ್ಕಿದ್ದು ಸಂಜೆ ನೋಡೋಣ."

ಈ ಮಾತನ್ನು ಬೇರಮ್ಮನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅವಳು ಸದ್ದಿಲ್ಲದೆ ಅತ್ತು, ಹಾಗೇ ನಿದ್ದೆ ಹೋದಳು.

ಅದಕ್ಕೇ ಮಕ್ಕಳೇ, ಇವತ್ತಿಗೂ ನಡುಮಧ್ಯಾಹ್ನ ಕುಂಬಳದ ಎಲೆ ಜೋಲುಬಿದ್ದಿದ್ದರೆ ಸತ್ತಿತೆಂದು ಗಾಬರಿಯಾಗಬೇಡಿ. ಬಾಗಿಲು ಹಾಕಿದೆ, ಸಂಜೆಗೆ ಎಲೆ ತಲೆಯೆತ್ತುತ್ತದೆ, ಅಲ್ಲಿಯತನಕ ಬೇರಮ್ಮ ಮಲಗಿರುತ್ತಾಳೆ.