ಇಳಿಜಾರಿನಲ್ಲಿ ಆಫ್ ಮಾಡಿದ ಆಟೋ

"ಗುರುಗಳೇ, ನನ್ನನ್ನು ದಾಸೋಹದ ಕೆಲಸದಿಂದ ಬಿಡಿಸುವಿರಾ?" ಎಂದು ಶಿಷ್ಯ ಗುರುಸಿದ್ಧ ಕೇಳಿದ. "ಶಕ್ತಿ ಪೋಲಾಗದಿರಲೆಂದು ಬಿಡುವಿನಲ್ಲೂ ಯಾರೊಡನೆಯೂ ಬೆರೆಯುವುದಿಲ್ಲ. ಆದರೂ ಜನ ಹೆಚ್ಚಾದ ದಿನ ಕೈಕಾಲು ಬಿದ್ದುಹೋಗುತ್ತವೆ. ಸೌಟು ಹಿಡಿದೇ ಸಿಡುಕುತ್ತೇನೆ. ಹಸಿದು ಬಂದವರು ಎಲೆ ಬಿಟ್ಟು ಏಳುವ ಹಾಗಾಗಿದೆ. ಹೀಗೇಕೆ?"

ಗುರುಗಳು ಕೂರುವಂತೆ ಸನ್ನೆ ಮಾಡಿ ಕತೆ ತೆಗೆದರು.

ಒಬ್ಬ ಆಟೋದವನಿದ್ದ. ಇಪ್ಪತ್ತು ವರ್ಷ ಪೆಟ್ರೋಲ್ ಆಟೋದಲ್ಲಿ ಪಳಗಿದ ಕೈ. ಈಗ ಕರೆಂಟಿನ ಆಟೋ ಕೊಂಡಿದ್ದ. ಅವನ ಊರಿನಿಂದ ಹಳ್ಳದವರೆಗೆ ಇಳಿಜಾರು, ಹಳ್ಳ ದಾಟಿದರೆ ಕಡಿದಾದ ಏರು, ಏರಿನ ತುದಿಗೆ ಆಸ್ಪತ್ರೆ. ಆ ಏರಿಗೆ ಬ್ಯಾಟರಿ ಕಾದು ಸುಸ್ತಾಗುತ್ತಿತ್ತು. ಒಬ್ಬ ಮೆಕ್ಯಾನಿಕ್ ಬ್ಯಾಟರಿಯ ಪಕ್ಕದಲ್ಲಿ ಕೆಪಾಸಿಟರಿನ ಚಿಕ್ಕ ಪೆಟ್ಟಿಗೆಯೊಂದನ್ನು ಕೂರಿಸಿಕೊಟ್ಟ. ದೂರ ಓಡುವುದಕ್ಕೆ ಬ್ಯಾಟರಿ, ಏರಿನಲ್ಲಿ ಒಮ್ಮೆಲೇ ದಮ್ಮು ಕೊಡುವುದಕ್ಕೆ ಪೆಟ್ಟಿಗೆ.

ಮರುವಾರ ಆಟೋದವನು ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಕೂರಿಸಿಕೊಂಡು ಹೊರಟ. ಆಟೋ ಏರಿನ ನಡುವೆ ನಿಂತೇಬಿಟ್ಟಿತು. ದಾರಿಹೋಕರು ತಳ್ಳಿ ಆಸ್ಪತ್ರೆ ಮುಟ್ಟಿಸಿದರು. ತಾಯಿ ಮಗು ಉಳಿದದ್ದು ಪುಣ್ಯ. ಆಟೋದವನಿಗೆ ಮಾತ್ರ ತಲೆಯೆತ್ತಲಾಗಲಿಲ್ಲ. ಇನ್ನು ಅವನನ್ನು ನಂಬಿ ಆಸ್ಪತ್ರೆಗೆ ಯಾರು ಹೊರಡುತ್ತಾರೆ?

ಅವನು ನೆಟ್ಟಗೆ ಮೆಕ್ಯಾನಿಕ್ ಮುಂದೆ ಹೋಗಿ ನಿಂತ. "ನಿನ್ನ ಪೆಟ್ಟಿಗೆ ಬರೀ ಡಬ್ಬ. ಕಿತ್ತು ಬಿಸಾಕು."

"ಕೀಳೋಣಂತೆ. ಮೊದಲು ಓಡಿಸಿ ತೋರಿಸು" ಎಂದು ಮೆಕ್ಯಾನಿಕ್ ಹಿಂದಿನ ಸೀಟಿನಲ್ಲಿ ಕುಳಿತ.

ಇಳಿಜಾರು ಬಂತು. ಆಟೋದವನ ಕೈ ತಾನಾಗಿಯೇ ಹೋಗಿ ಕೀಲಿ ತಿರುಗಿಸಿ ಆಫ್ ಮಾಡಿತು. ಆಟೋ ಸದ್ದಿಲ್ಲದೆ ಉರುಳತೊಡಗಿತು.

"ಅದೇಕೆ ಆಫ್ ಮಾಡಿದೆ?"

"ಇಳಿಜಾರಲ್ಲವೇ? ತಾನೇ ಉರುಳುವಾಗ ಸುಮ್ಮನೆ ಯಾಕೆ ಸುಡಬೇಕು? ಇಪ್ಪತ್ತು ವರ್ಷದಿಂದ ಹೀಗೇ ಉಳಿಸಿಕೊಂಡು ಬಂದಿದ್ದೇನೆ."

ಮೆಕ್ಯಾನಿಕ್ ನಕ್ಕ. "ಒಳ್ಳೆ ಉಳಿತಾಯ ಮಾರಾಯ. ಕೀಲಿ ಆನ್ ಇದ್ದರೆ, ಬ್ರೇಕ್ ಒತ್ತಿದಾಗ ಉರುಳುವ ಚಕ್ರವೇ ಕರೆಂಟು ಹುಟ್ಟಿಸಿ ಪೆಟ್ಟಿಗೆ ತುಂಬಿಸುತ್ತದೆ. ನೀನು ಉಳಿಸಲಿಲ್ಲ, ಬರುವುದನ್ನು ಬೇಡವೆಂದೆ. ಖಾಲಿ ಪೆಟ್ಟಿಗೆ ಏರಿನಲ್ಲಿ ಏನು ಕೊಟ್ಟೀತು?"

ಆಟೋದವನು ಊರಿಗೆ ಹಿಂತಿರುಗಿ, ಅಲ್ಲಿಂದ ಮತ್ತೆ ಇಳಿದ. ಈ ಸಲ ಕೀಲಿ ಮುಟ್ಟಲಿಲ್ಲ. ಆಟೋ ಏರು ಹತ್ತಿ ಆಸ್ಪತ್ರೆಯ ಗೇಟಿನಲ್ಲೇ ಹೋಗಿ ನಿಂತಿತು.

ಗುರುಸಿದ್ಧನಿಗೆ ನಗು ಬಂತು. "ಎಂಥ ದಡ್ಡ ಅವನು" ಎಂದ.

ಗುರುಗಳು ನಗಲಿಲ್ಲ.

"ನಿನ್ನೆ ನಿನ್ನ ಬಿಡುವಿನ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಬಂದ ನಿನ್ನ ಅಕ್ಕನನ್ನು ಬಾಗಿಲಿನಿಂದಲೇ ಕಳಿಸಿದೆಯಲ್ಲ, ಅದು ನಿನ್ನ ಇಳಿಜಾರು."