ಎರಡಕ್ಕೆ ಎರಡು, ಮೂರಕ್ಕೆ ಮೂರು

"ಗುರುಗಳೇ, ಮಗಳಿಗೆ ಎಷ್ಟು ಹೇಳಿದರೂ ಯಾಕೆ ನಾಟುವುದಿಲ್ಲ?"

ಹೀಗೆ ಕೇಳಿದ ಚೆನ್ನವೀರ ಕೂತಲ್ಲಿ ಕೂರಲಾರದೆ ಎದ್ದು ನಿಂತ. ಮಗಳು ಮಾರನೆಯ ಬೆಳಿಗ್ಗೆ ಮನೆ ಬಿಟ್ಟು ಸೋದರಮಾವನ ಊರಿಗೆ ಹೊರಡುವವಳಿದ್ದಳು. ಮತ್ತೆ ಬರುವುದಿಲ್ಲ ಎಂದಿದ್ದಳು. ಅವನಿಗೆ ಊಟ ಸೇರುತ್ತಿರಲಿಲ್ಲ.

"ವಾರವಿಡೀ ಬಿಡಿಸಿ ಬಿಡಿಸಿ ಹೇಳಿದ್ದೇನೆ. ಗಂಟಲು ಒಣಗಿಹೋಯಿತು."

"ಕೂತುಕೋ, ಒಂದು ಕತೆ ಕೇಳು," ಎಂದರು ಗುರುಗಳು.

ಒಬ್ಬ ವರ್ತಕ ಗೋದಾಮಿನ ಒಳಕೋಣೆಯಲ್ಲಿ ಕಂಪ್ಯೂಟರ್ ಇರಿಸಿದ. ಹೊರಗೆ ತೂಕದ ಕಟ್ಟೆಯ ಬಳಿ ಟರ್ಮಿನಲ್ ಇರಿಸಿದ. ಟರ್ಮಿನಲ್ ಎಂದರೆ ಒಂದು ಪರದೆ, ಒಂದು ಕೀಲಿಮಣೆ, ಅಷ್ಟೇ. ಇಲ್ಲಿ ಒತ್ತಿದ್ದು ಒಳಗೆ ಹೋಗಬೇಕು, ಒಳಗಿನ ಉತ್ತರ ಇಲ್ಲಿ ಮೂಡಬೇಕು. ನಡುವೆ ಕೇಬಲ್ ಜೋಡಿಸಲು ಒಬ್ಬ ಮೆಕ್ಯಾನಿಕ್ ಬಂದ. ಮಹಾ ಅಚ್ಚುಕಟ್ಟಿನ ಮನುಷ್ಯ, ಆ ಅಚ್ಚುಕಟ್ಟೇ ಅವನಿಗೆ ಮುಳುವಾಯಿತು. ಕಂಪ್ಯೂಟರಿನ ಎರಡನೆಯ ಪಿನ್ನಿಗೆ ಟರ್ಮಿನಲ್ಲಿನ ಎರಡನೆಯದು, ಮೂರನೆಯದಕ್ಕೆ ಮೂರನೆಯದು, ಗ್ರೌಂಡಿಗೆ ಗ್ರೌಂಡು ಎಂದು ಸಾಲಾಗಿ ಬೆಸುಗೆ ಹಾಕಿದ. ನೋಡಲು ಚೆಂದವಾಗಿತ್ತು. ಪರದೆಯ ಮೇಲೆ ಮಾತ್ರ ಒಂದಕ್ಷರವೂ ಮೂಡಲಿಲ್ಲ.

ಬೆಸುಗೆ ಕಿತ್ತು ಮತ್ತೆ ಹಾಕಿದ. ದಪ್ಪ ವೈರು ತಂದ. ಜೋರಾಗಿ ಒತ್ತಿದರೆ ಕೇಳಿಸೀತೇನೋ ಎಂಬಂತೆ ಕೀಲಿಮಣೆ ಕುಟ್ಟಿದ. ಹೊರಗೆ ಸರಕಿನ ಗಾಡಿಗಳು ಸಾಲುಗಟ್ಟಿ ನಿಂತವು.

"ಸಂಜೆಯೊಳಗೆ ಆಗದಿದ್ದರೆ ನಿನ್ನ ಗಂಟುಮೂಟೆ ಕಟ್ಟು," ಎಂದ ವರ್ತಕ.

ಮೆಕ್ಯಾನಿಕ್ ಬೆವರೊರೆಸಿಕೊಂಡು ಕೊನೆಗೊಮ್ಮೆ ಯೋಚಿಸಿದ. ಕಂಪ್ಯೂಟರ್ ಮಾತಾಡುವುದು ಯಾವ ಪಿನ್ನಿನಲ್ಲಿ? ಎರಡನೆಯದರಲ್ಲಿ. ಟರ್ಮಿನಲ್? ಅದೂ ಎರಡನೆಯದರಲ್ಲೇ. ಎರಡೂ ಕೇಳಿಸಿಕೊಳ್ಳುವುದು ಮೂರನೆಯದರಲ್ಲಿ. ಪುಣ್ಯಾತ್ಮ ಬಾಯಿಗೆ ಬಾಯಿ ಕಟ್ಟಿದ್ದ, ಕಿವಿಗೆ ಕಿವಿ. ಎರಡಕ್ಕೂ ಸಮಾನವಾದ ಗ್ರೌಂಡ್ ವೈರನ್ನು ಹಾಗೆಯೇ ಬಿಟ್ಟು ಉಳಿದೆರಡನ್ನು ಅದಲುಬದಲು ಮಾಡಿದ. ಇದರ ಬಾಯಿ ಅದರ ಕಿವಿಗೆ, ಅದರ ಬಾಯಿ ಇದರ ಕಿವಿಗೆ. ಪರದೆಯ ಮೇಲೆ ಅಕ್ಷರ ಮೂಡಿತು.

ಚೆನ್ನವೀರನ ಮುಖ ಅರಳಿತು. ಆಗಲೇ ಎದ್ದು ಚಪ್ಪಲಿಗೆ ಕಾಲು ಹಾಕಿದ. "ತಿಳಿಯಿತು ಗುರುಗಳೇ! ಈಗಲೇ ಹೋಗಿ ಈ ಕತೆಯನ್ನೂ ಅವಳಿಗೆ ಹೇಳುತ್ತೇನೆ. ಇನ್ನಾದರೂ ನನ್ನ ಮಾತು ಅವಳ ಕಿವಿಗೆ ಬಿದ್ದೀತು."

"ಹೋಗುವೆಯಂತೆ. ಮನೆ ಬಿಟ್ಟು ಯಾಕೆ ಹೋಗುತ್ತೇನೆ ಅಂದಳು ಅವಳು, ಅದೊಂದು ಹೇಳು."

ಚೆನ್ನವೀರ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತುಬಿಟ್ಟ.